ಬಣವೆಯೊಳಗಿನ ಸಕ್ಕರೆ: ನಮ್ಮ ಜಾನುವಾರುಗಳ ಮೇವಿನಲ್ಲಿ ಶರ್ಕರಪಿಷ್ಟ



ದತ್ತಿ ಉಪನ್ಯಾಸ ಅಂದರೆ ವಚನವೋ ಶಾಸನವೋ ಇರುತ್ತದೆ ಎಂದು ಬಂದವರಿಗೆ ಇವತ್ತು ಸ್ವಲ್ಪ ನಿರಾಸೆ ಆದೀತು. ಗವಿಮಠದ, ಪಾಲ್ಕಿಗುಂಡಿನ ಅಶೋಕನ ಶಾಸನಗಳ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲವರು ಈ ಕೊಪ್ಪಳದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಸೇವೆಯ ಕಾಲ ಕಳೆದದ್ದು ದನದ ಡಾಕ್ಟರಾಗಿ. ನನಗೆ ಗೊತ್ತಿರುವುದು ದನದ ಹೊಟ್ಟೆ. ದತ್ತಿ ಇಟ್ಟ ಹಿರಿಯರು ಒಕ್ಕಲುತನದ ಮನೆಯವರು. ಹೊಲ-ಮನೆಗೆ ಉಪಯೋಗಕ್ಕೆ ಬರುವ ಮಾತು ಆಡಿಸಬೇಕು ಎಂಬುದು ಅವರ ಷರತ್ತಂತೆ. ಆ ಧೈರ್ಯದ ಮೇಲೆ ನಿಂತಿದ್ದೇನೆ.

ಬೇಸಿಗೆ ಹತ್ತಿರ ಬಂತೆಂದರೆ ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಹಾದು ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರುಗಳನ್ನು ನೀವೆಲ್ಲ ನೋಡಿದ್ದೀರಿ. ಹಿಂದಿನ ಗಾಡಿಗೆ ದಾರಿ ಕಾಣದಷ್ಟು ಅಗಲಕ್ಕೆ ಹೇರಿರುತ್ತಾರೆ. ಅದೇ ಹೊತ್ತಿಗೆ ಗಂಗಾವತಿ, ಕಾರಟಗಿ ಕಡೆಯ ಎಷ್ಟೋ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿರುತ್ತಾರೆ. ಒಂದು ಕಡೆ ಸುಡುವುದನ್ನೇ ಇನ್ನೊಂದು ಕಡೆ ದುಡ್ಡು ಕೊಟ್ಟು ತರುತ್ತಾರೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮದು ನಾಲ್ಕು ತಾಲ್ಲೂಕಿನ ಜಿಲ್ಲೆ. ಈಗ ತಾಲ್ಲೂಕುಗಳು ಹೆಚ್ಚಿವೆ. ಮೇವಿನ ಲೆಕ್ಕಕ್ಕೆ ಬಂದರೆ ಇಂದಿಗೂ ಎರಡೇ ಭಾಗ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭಾಗ ಒಂದು, ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯನ್ನೇ ನಂಬಿದ ಭಾಗ ಇನ್ನೊಂದು. ಮೊದಲನೆಯದರಲ್ಲಿ ಭತ್ತದ ಹುಲ್ಲು, ನುಚ್ಚು, ತೌಡು. ಎರಡನೆಯದರಲ್ಲಿ ಜೋಳದ ಕಣಕಿ, ಸಜ್ಜೆ ಸೊಪ್ಪೆ, ಮೆಕ್ಕೆಜೋಳದ ದಂಟು, ಕಡಲೆ ಹೊಟ್ಟು.

ಇದೆಲ್ಲವೂ ಮುಖ್ಯವಾಗಿ ಶರ್ಕರಪಿಷ್ಟವೇ. ಒಣ ಮೇವನ್ನು ತೂಗಿ ನೋಡಿದರೆ ಮುಕ್ಕಾಲು ಪಾಲು ಅದೇ ಇರುತ್ತದೆ. ಪ್ರೋಟೀನ್ ಬಗ್ಗೆ, ಹಿಂಡಿಯ ಬಗ್ಗೆ, ಖನಿಜ ಮಿಶ್ರಣದ ಬಗ್ಗೆ ತರಬೇತಿಗಳಲ್ಲಿ ಬಹಳ ಮಾತು ಕೇಳುತ್ತೀರಿ. ಮುಕ್ಕಾಲು ಪಾಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ಹೊಟ್ಟೆ ತುಂಬಿಸುವ ಸಾಮಾನು ಎಂಬ ಭಾವನೆ. ನಮ್ಮ ಜನರ ಮನಸ್ಸಿನಲ್ಲಿ ಕಾಳು, ನುಚ್ಚು ಅಂದರೆ ಕಸುವು. ಹುಲ್ಲು ಅಂದರೆ ಭರ್ತಿ. ಮೆಲುಕು ಹಾಕುವ ಪ್ರಾಣಿಯ ಮಟ್ಟಿಗೆ ಇದು ಉಲ್ಟಾ ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ. ಆಕಳಿಗೆ ಊಟ ಅಂದರೆ ನಾರು. ಕಾಳಿನ ಪಿಷ್ಟ ಮೇಲೋಗರ. ಮೇಲೋಗರವನ್ನೇ ಊಟ ಮಾಡಿದಾಗ ಆಗುವ ಅನಾಹುತಗಳನ್ನು ಮುಂದೆ ಹೇಳುತ್ತೇನೆ.

ಅಕ್ಕಿಯಲ್ಲಿರುವ ಪಿಷ್ಟವೂ ಹುಲ್ಲಿನಲ್ಲಿರುವ ಸೆಲ್ಯುಲೋಸೂ ಒಂದೇ ಗ್ಲೂಕೋಸಿನಿಂದ ಆದವು. ಸಾವಿರಾರು ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೈ ಹಿಡಿದು ನಿಂತ ಸರಪಳಿ ಅದು. ಕೈ ಹಿಡಿದ ರೀತಿ ಮಾತ್ರ ಬೇರೆ. ಪಿಷ್ಟದ ಹಿಡಿತವನ್ನು ನಮ್ಮ ಬಾಯಿಯ ಜೊಲ್ಲೇ ಬಿಡಿಸಬಲ್ಲದು. ಸೆಲ್ಯುಲೋಸಿನ ಹಿಡಿತವನ್ನು ಬಿಡಿಸುವ ಕಿಣ್ವ ಬೆನ್ನೆಲುಬಿರುವ ಯಾವ ಪ್ರಾಣಿಯ ದೇಹವೂ ತಯಾರಿಸುವುದಿಲ್ಲ. ಮನುಷ್ಯನದೂ ಇಲ್ಲ, ಆಕಳಿನದೂ ಇಲ್ಲ, ಆನೆಯದೂ ಇಲ್ಲ. ಹಾಗಿದ್ದರೆ ಆಕಳು ಹುಲ್ಲು ತಿಂದು ಬದುಕುವುದು ಹೇಗೆ? ಅದು ತಾನು ಅರಗಿಸುವುದಿಲ್ಲ, ಅರಗಿಸುವವರನ್ನು ಸಾಕಿಕೊಂಡಿದೆ. ಬೆಳೆದ ಆಕಳಿನ ಮೆಲುಕು ಚೀಲದಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿ ಮತ್ತು ಅದಕ್ಕೂ ಮೇಲೆ ಬ್ಯಾಕ್ಟೀರಿಯಾಗಳು, ಲಕ್ಷಗಟ್ಟಲೆ ಪ್ರೊಟೊಜೋವಾಗಳು, ಜೊತೆಗೆ ಗಾಳಿ ಬೇಡದ ಶಿಲೀಂಧ್ರಗಳು. ಈ ಶಿಲೀಂಧ್ರಗಳದು ಒಂದು ತಮಾಷೆಯ ಕಥೆ. ಬಹಳ ಕಾಲ ವಿಜ್ಞಾನಿಗಳು ಅವುಗಳ ಈಜುವ ಬೀಜಕಣಗಳನ್ನು ನೋಡಿ ಪ್ರೊಟೊಜೋವಾ ಎಂದೇ ತಿಳಿದಿದ್ದರು. ಗಾಳಿ ಇಲ್ಲದೆ ಶಿಲೀಂಧ್ರ ಬದುಕುವುದಿಲ್ಲ ಎಂಬುದು ಆಗಿನ ಪಾಠ. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಅದು ಶಿಲೀಂಧ್ರವೇ ಎಂದು ತೋರಿಸಿದರು. ಗಡುಸಾದ ದಂಟಿನೊಳಗೆ ಬೇರು ಚುಚ್ಚಿ, ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುವ ಕೆಲಸ ಅವುಗಳದು.

ಈ ಜೀವಿಗಳು ನಾರನ್ನು ಒಡೆದು ಗ್ಲೂಕೋಸ್ ಮಾಡುತ್ತವೆ, ಆದರೆ ಆ ಗ್ಲೂಕೋಸನ್ನು ಆಕಳಿಗೆ ಕೊಡುವುದಿಲ್ಲ. ತಾವೇ ತಿಂದುಬಿಡುತ್ತವೆ. ತಿಂದು ಹೊರಹಾಕುವ ಹುಳಿ ಆಕಳ ಪಾಲಿಗೆ. ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳು ಮೆಲುಕು ಚೀಲದ ಗೋಡೆಯಿಂದಲೇ ರಕ್ತಕ್ಕೆ ಸೇರುತ್ತವೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ, ಕೇಂಬ್ರಿಜ್‌ನಲ್ಲಿ ಬಾರ್‌ಕ್ರಾಫ್ಟ್ ಮತ್ತು ಸಂಗಡಿಗರು ಇದನ್ನು ಖಚಿತವಾಗಿ ತೋರಿಸಿದರು. ಆಕಳಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಈ ಮೂರು ಆಮ್ಲಗಳಿಂದಲೇ ಬರುತ್ತದೆ. ಅಸಿಟಿಕ್ ಅಂದರೆ ನಮ್ಮ ಅಡುಗೆ ಮನೆಯ ವಿನೆಗರಿನ ಹುಳಿಯೇ. ಹೊಲ ಉಳುವ ಎತ್ತು ನಡೆಯುವುದು ಹುಳಿಯ ಬಲದ ಮೇಲೆ ಎಂದರೆ ನಗಬೇಡಿ.

ಹುಲ್ಲು, ಕಣಕಿ ಹೆಚ್ಚು ತಿಂದಾಗ ಅಸಿಟಿಕ್ ಪಾಲು ಮೂರರಲ್ಲಿ ಎರಡರಷ್ಟು. ಕಾಳು ಹೆಚ್ಚಾದರೆ ಅದು ಇಳಿದು ಪ್ರೊಪಿಯಾನಿಕ್ ಏರುತ್ತದೆ. ಕೆಚ್ಚಲಿನಲ್ಲಿ ಹಾಲಿನ ಕೊಬ್ಬು ಕಟ್ಟುವುದಕ್ಕೆ ಅಸಿಟಿಕ್ ಬೇಕು. ಪ್ರೊಪಿಯಾನಿಕ್ ಯಕೃತ್ತಿಗೆ ಹೋಗಿ ಗ್ಲೂಕೋಸ್ ಆಗುತ್ತದೆ. ಆ ಗ್ಲೂಕೋಸ್ ಕೆಚ್ಚಲಿನಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಆಗುತ್ತದೆ. ಹಾಲಿನಲ್ಲಿ ಲ್ಯಾಕ್ಟೋಸ್ ಪ್ರಮಾಣ ಹೆಚ್ಚು ಕಡಿಮೆ ಆಗುವುದಿಲ್ಲ, ನೂರಕ್ಕೆ ಸುಮಾರು 4.8ರಲ್ಲೇ ನಿಂತಿರುತ್ತದೆ. ಎಷ್ಟು ಲ್ಯಾಕ್ಟೋಸ್ ತಯಾರಾಯಿತೋ ಅಷ್ಟು ನೀರನ್ನು ಅದು ಎಳೆದುಕೊಳ್ಳುತ್ತದೆ. ಹಾಗಾಗಿ ಹಾಲು ಎಷ್ಟು ಲೀಟರ್ ಎಂಬುದನ್ನು ತೀರ್ಮಾನಿಸುವುದು ಗ್ಲೂಕೋಸ್. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ಹತ್ತು ಲೀಟರಿನ ಆಕಳು ದಿನಕ್ಕೆ ಮುಕ್ಕಾಲು ಕೆ.ಜಿ. ಹತ್ತಿರ ಗ್ಲೂಕೋಸನ್ನು ತನ್ನ ಯಕೃತ್ತಿನಲ್ಲಿ ತಾನೇ ಮಾಡಿಕೊಳ್ಳಬೇಕು, ಏಕೆಂದರೆ ಕರುಳಿನಿಂದ ಅದಕ್ಕೆ ಸಿಗುವ ಗ್ಲೂಕೋಸ್ ತೀರಾ ಕಡಿಮೆ. ಕರು ಹಾಕಿದ ಹೊಸದರಲ್ಲಿ ಹೆಚ್ಚು ಹಾಲಿನ ಆಕಳು ಮೇವು ಬಿಟ್ಟು ಸೊರಗಿ, ಬಾಯಿಂದ ಹಣ್ಣಿನಂಥ ವಾಸನೆ ಬರುವ ಕೀಟೋಸಿಸ್ ಈ ಲೆಕ್ಕ ತಪ್ಪಿದ್ದರ ಫಲ. ಹೊಟ್ಟೆಯಲ್ಲಿ ಎರಡು ಮರಿ ಇರುವ ಕುರಿ ದಿನ ತುಂಬುವ ಹೊತ್ತಿಗೆ ನೆಲ ಹಿಡಿಯುವುದೂ ಇದೇ ಕಾರಣಕ್ಕೆ.

ಡೇರಿಯ ಚೀಟಿಗೆ ಬರೋಣ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಒಕ್ಕೂಟದ ಸಂಘಗಳಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ರೊಕ್ಕ. ಎಸ್‌ಎನ್‌ಎಫ್‌ನಲ್ಲಿ, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶದಲ್ಲಿ, ಅರ್ಧಕ್ಕಿಂತ ಹೆಚ್ಚು ಲ್ಯಾಕ್ಟೋಸೇ. ಆ ಚೀಟಿಯಲ್ಲಿ ಇರುವುದು ನಿಮ್ಮ ಆಕಳಿನ ಹೊಟ್ಟೆಯ ವರದಿ. ಕಾಲುವೆ ಕಡೆಯ ಹಳ್ಳಿಯ ಒಬ್ಬ ತಾಯಿ ಒಮ್ಮೆ ಚೀಟಿಗಳ ಕಟ್ಟು ತಂದು ನನ್ನ ಮುಂದೆ ಹಾಕಿದರು. "ಹಾಲು ಕಡಿಮಿ ಆಗಿಲ್ರೀ ಸಾಹೇಬ್ರ, ಫ್ಯಾಟ್ ಅಷ್ಟ ಬಿದ್ದೈತಿ. ಅಳಿಯೋ ಹುಡುಗ ಏನರ ಮಾಡ್ಯಾನೋ ಏನೋ" ಎಂದರು. ಮೂರೂವರೆ ಇದ್ದದ್ದು ಮೂರಕ್ಕಿಂತ ಕೆಳಗೆ ಬಂದಿತ್ತು. ಏನು ಹಾಕುತ್ತೀರಿ ಎಂದು ಕೇಳಿದೆ. ಮನೆಯ ಹತ್ತಿರವೇ ಗಿರಣಿ, ನುಚ್ಚು ಅಗ್ಗ. ಎರಡು ಹೊತ್ತೂ ನುಚ್ಚು ಬೇಯಿಸಿ, ತೌಡು ಕಲಸಿ ಬುಟ್ಟಿಗಟ್ಟಲೆ ಇಡುತ್ತಿದ್ದರು. ಹೊಟ್ಟೆ ತುಂಬಿದ ಆಕಳು ಹುಲ್ಲು ಮುಟ್ಟುತ್ತಿರಲಿಲ್ಲ. ಅಳೆಯುವ ಹುಡುಗನದು ಏನೂ ತಪ್ಪಿರಲಿಲ್ಲ. ನುಚ್ಚು ಅರ್ಧಕ್ಕೆ ಇಳಿಸಿ, ಬೆಳಿಗ್ಗೆ ಮೊದಲು ಹುಲ್ಲು, ಆಮೇಲೆ ಕಲಸಿದ ತಿಂಡಿ ಎಂದು ಕ್ರಮ ಬದಲಿಸಿದ ಮೇಲೆ ಫ್ಯಾಟ್ ತಾನಾಗಿ ಏರಿತು. ನಮ್ಮ ಧಾರವಾಡಿ ಎಮ್ಮೆ ಕಣಕಿ ತಿಂದುಕೊಂಡೇ ಏಳರ ಆಸುಪಾಸು ಫ್ಯಾಟ್ ಕೊಡುವುದಕ್ಕೆ ತಳಿಯ ಗುಣ ದೊಡ್ಡ ಕಾರಣ, ನಿಜ. ಆದರೆ ಅದೇ ಎಮ್ಮೆಗೆ ಕಣಕಿ ತಪ್ಪಿಸಿ ನೋಡಿ.

ಎಲ್ಲ ನಾರೂ ಒಂದೇ ಅಲ್ಲ. ಒಂದು ಜೋಳದ ದಂಟನ್ನು ಸೀಳಿ ನೋಡಿ. ಹೊರಗೆ ಗಡುಸು ತೊಗಟೆ, ಒಳಗೆ ಬೆಳ್ಳಗಿನ ಮೆದು ತಿರುಳು. ಆಕಳು ಮೊದಲು ಎಲೆ ಎಳೆಯುತ್ತದೆ, ತಿರುಳಿರುವ ಮೇಲಿನ ದಂಟು ಕಡಿಯುತ್ತದೆ, ಬುಡದ ಗೆಣ್ಣುಗಳನ್ನು ಗೋದಲಿಯಲ್ಲೇ ಬಿಡುತ್ತದೆ. ಅದು ಹಟ ಅಲ್ಲ, ತಿಳಿವಳಿಕೆ. ಬುಡದ ತೊಗಟೆಯಲ್ಲಿ ಲಿಗ್ನಿನ್ ಎಂಬ ವಸ್ತು ಸೆಲ್ಯುಲೋಸನ್ನು ಬಿಗಿಯಾಗಿ ಕಟ್ಟಿಹಾಕಿರುತ್ತದೆ. ಲಿಗ್ನಿನ್ ಶರ್ಕರಪಿಷ್ಟ ಅಲ್ಲ, ಮರಕ್ಕೆ ಮರತನ ಕೊಡುವ ಸಾಮಾನು. ಗಾಳಿ ಇಲ್ಲದ ಮೆಲುಕು ಚೀಲದಲ್ಲಿ ಅದನ್ನು ಒಡೆಯುವ ಜೀವಿಗಳಿಲ್ಲ. ಮೇವನ್ನು ಕತ್ತರಿಸಿ ಹಾಕಿದರೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಕೊಯ್ದ ಬಾಯಿಗಳು ಸಿಗುತ್ತವೆ, ಬುಡವೂ ಹಾಳಾಗುವುದಿಲ್ಲ. ಹಾಗೆಂದು ಹಿಟ್ಟು ಮಾಡಬೇಡಿ. ಒಂದೆರಡು ಇಂಚಿನ ತುಂಡು ಇದ್ದರೆ ಮೆಲುಕು ಬರುತ್ತದೆ, ಮೆಲುಕು ಬಂದರೆ ಜೊಲ್ಲು ಸುರಿಯುತ್ತದೆ. ಆಕಳು ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ಜೊಲ್ಲು ನುಂಗುತ್ತದೆ. ಅದರಲ್ಲಿರುವುದು ಸೋಡಾ. ಹುಳಿಯನ್ನು ಹದದಲ್ಲಿಡುವ ಔಷಧ ಆಕಳ ಬಾಯಲ್ಲೇ ಇದೆ, ನಾರು ಅಗಿದರೆ ಮಾತ್ರ ಬರುತ್ತದೆ.

ಹಿಂಗಾರಿ ಬಿಳಿಜೋಳದ ಕಣಕಿಯ ಬೆಲೆ ಯಲಬುರ್ಗಾದ ಎರೆ ಹೊಲದವರಿಗೆ ಚೆನ್ನಾಗಿ ಗೊತ್ತು. ಮಾಲದಂಡಿಯಿಂದ ಆರಿಸಿದ ಎಂ 35–1 ತಳಿ ಇಷ್ಟು ದಶಕಗಳ ಮೇಲೂ ಹೊಲದಲ್ಲಿ ಉಳಿದಿರುವುದಕ್ಕೆ ರೊಟ್ಟಿಯ ರುಚಿ ಒಂದು ಕಾರಣವಾದರೆ, ಕಣಕಿ ಇನ್ನೊಂದು. ಬೀಜದ ಅಂಗಡಿಯವರು ಕಾಳಿನ ಇಳುವರಿ ಹೇಳಿ ಗಿಡ್ಡ ತಳಿ ಮಾರುವಾಗ ನಮ್ಮ ಹಿರಿಯರು "ದನಕ್ಕೇನು ಹಾಕೂದು?" ಎಂದು ಕೇಳಿದ್ದು ಹಿಂದುಳಿದ ಮಾತಾಗಿರಲಿಲ್ಲ. ಹೈದರಾಬಾದಿನ ಮೇವಿನ ಪೇಟೆಯಲ್ಲಿ ಜೋಳದ ದಂಟಿನ ವ್ಯಾಪಾರವನ್ನು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯವರು ಅಭ್ಯಾಸ ಮಾಡಿದಾಗ ಒಂದು ಸಂಗತಿ ಕಂಡಿತು. ಅರಗುವ ಪ್ರಮಾಣದಲ್ಲಿ ನೂರಕ್ಕೆ ಐದರಷ್ಟು ವ್ಯತ್ಯಾಸವಿದ್ದ ದಂಟುಗಳ ನಡುವೆ ಬೆಲೆಯಲ್ಲಿ ಕಾಲು ಭಾಗದ ವ್ಯತ್ಯಾಸವಿತ್ತು. ಯಾವ ಪ್ರಯೋಗಾಲಯದ ವರದಿಯೂ ಇಲ್ಲದೆ, ಬರೀ ಕಣ್ಣು-ಕೈಯಿಂದಲೇ ಕೊಳ್ಳುವವರು ಒಳ್ಳೆಯ ನಾರನ್ನು ಗುರುತು ಹಿಡಿದಿದ್ದರು.

ಜೋಳದ ವಿಚಾರದಲ್ಲಿ ಒಂದು ಎಚ್ಚರಿಕೆ. ಕೊಯ್ದ ಹೊಲದ ಕೂಳೆ ಒಂದು ಮಳೆಗೆ ಚಿಗುರಿದಾಗ, ಇಲ್ಲವೇ ಮಳೆ ಕೈಕೊಟ್ಟು ಮೊಳಕಾಲುದ್ದದಲ್ಲೇ ಬೆಳೆ ಬಾಡಿದಾಗ, ಅದರಲ್ಲಿ ಧುರಿನ್ ಎಂಬ ವಸ್ತು ಸೇರಿಕೊಂಡಿರುತ್ತದೆ. ಗ್ಲೂಕೋಸಿಗೆ ಅಂಟಿಕೊಂಡ ವಿಷ ಅದು. ದನ ಅಗಿದು ನುಂಗಿದ ಕೂಡಲೇ ಸಕ್ಕರೆ ಬೇರೆಯಾಗಿ ಸಯನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಚೀಲದ ಜೀವಿಗಳು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ಡಾಕ್ಟರು ಗಾಡಿ ಚಾಲೂ ಮಾಡುವಷ್ಟರಲ್ಲಿ ಜೀವ ಹೋಗಿರುತ್ತದೆ. ಹೂವಾಡಿದ ಬೆಳೆಯಲ್ಲಿ, ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ಭಯ ಇಲ್ಲ.

ಭತ್ತದ ಹುಲ್ಲಿನ ಸ್ವಭಾವ ಬೇರೆ. ಅದರಲ್ಲಿ ಲಿಗ್ನಿನ್ ಅಷ್ಟೇನೂ ಹೆಚ್ಚಿಲ್ಲ, ಮರಳಿನ ಅಂಶ ಹೆಚ್ಚು. ಗದ್ದೆಯಲ್ಲಿ ನಿಂತ ನೀರಿನಿಂದ ಭತ್ತ ಸಿಲಿಕಾ ಹೀರಿ ಮೈಯೆಲ್ಲ ಲೇಪಿಸಿಕೊಳ್ಳುತ್ತದೆ. ಹುಲ್ಲಿನ ಒಣ ತೂಕದಲ್ಲಿ ನೂರಕ್ಕೆ ಹತ್ತು–ಹದಿನೈದು ಪಾಲು ಅದೇ. ಭತ್ತದ ಗರಿ ಸವರಿದರೆ ಬೆರಳು ಕುಯ್ಯುವುದು ಅದಕ್ಕೇ. ಪ್ರೋಟೀನ್ ನೂರಕ್ಕೆ ಮೂರು–ನಾಲ್ಕರಷ್ಟು ಮಾತ್ರ, ಮೆಲುಕು ಚೀಲದ ಜೀವಿಗಳು ಬದುಕುವುದಕ್ಕೂ ಅದು ಸಾಲದು. ಬರಗಾಲದಲ್ಲಿ ಬರೀ ಭತ್ತದ ಹುಲ್ಲು ತಿಂದ ದನದ ಹೊಟ್ಟೆ ಉಬ್ಬಿ ಕಾಣುತ್ತದೆ, ಪಕ್ಕೆಲುಬು ಎಣಿಸಬಹುದು. ಒಳಗೆ ಹುಲ್ಲು ಎರಡು ಮೂರು ದಿನ ಕೊಳೆಯದೆ ಕೂತಿರುತ್ತದೆ, ಜಾಗ ಇಲ್ಲದೆ ದನ ಮುಂದೆ ತಿನ್ನುವುದಿಲ್ಲ. ಗೋಶಾಲೆಗಳಲ್ಲಿ ಹುಲ್ಲಿನ ಜೊತೆ ಯೂರಿಯಾ–ಕಾಕಂಬಿ–ಖನಿಜದ ನೆಕ್ಕುವ ಇಟ್ಟಿಗೆ ಇಡಿ ಎಂದು ನಾವು ಗೋಗರೆಯುವುದು ಈ ಕಾರಣಕ್ಕೆ. ಇಟ್ಟಿಗೆಯಿಂದ ದನದ ಹೊಟ್ಟೆ ತುಂಬುವುದಿಲ್ಲ, ಹೊಟ್ಟೆಯೊಳಗಿನ ಜೀವಿಗಳು ಎದ್ದು ಕೂರುತ್ತವೆ.

ಬೇರೆ ಬೆಳೆಗಳಲ್ಲಿ ದಂಟಿಗಿಂತ ಎಲೆ ಮೇಲು. ಭತ್ತದಲ್ಲಿ ಎಲೆಗಿಂತ ಕಡ್ಡಿಯೇ ಚೆನ್ನಾಗಿ ಅರಗುತ್ತದೆ, ಏಕೆಂದರೆ ಸಿಲಿಕಾ ಎಲೆಯಲ್ಲಿ ಹೆಚ್ಚು. ಗಂಗಾವತಿ ಕಡೆ ಕಟಾವು ಯಂತ್ರ ಏನು ಮಾಡುತ್ತದೆ ಎಂದು ಈಗ ಯೋಚಿಸಿ. ತೆನೆ, ಮೇಲಿನ ಎಲೆಗಳನ್ನು ಕತ್ತರಿಸಿಕೊಂಡು, ಕಡ್ಡಿ ಇರುವ ಬುಡವನ್ನು ಮೊಳದುದ್ದ ಹೊಲದಲ್ಲೇ ನಿಲ್ಲಿಸಿ ಹೋಗುತ್ತದೆ. ಮೇವಿನ ಒಳ್ಳೆಯ ಭಾಗಕ್ಕೆ ಬೆಂಕಿ, ಕಡಿಮೆ ಭಾಗಕ್ಕೆ ಟ್ರ್ಯಾಕ್ಟರ್ ಬಾಡಿಗೆ. ಯಂತ್ರದವರ ಜೊತೆ ತಾಸಿನ ಬಾಡಿಗೆ ಮಾತಾಡುವಾಗ ಎಷ್ಟು ತಗ್ಗಿಸಿ ಕೊಯ್ಯುತ್ತೀರಿ ಎಂಬುದನ್ನೂ ಮಾತಾಡಿಕೊಳ್ಳಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಡೀಸೆಲ್ ಹೆಚ್ಚಾಗುತ್ತದೆ, ಬ್ಲೇಡು ಸವೆಯುತ್ತದೆ ಎಂಬ ಉತ್ತರ ಬರುತ್ತದೆ. ಆ ಹೆಚ್ಚಿನ ಖರ್ಚನ್ನು ಕುಷ್ಟಗಿಯ ಕೊಳ್ಳುವವನು ಕೊಡುವ ಹೆಚ್ಚಿನ ಬೆಲೆಯ ಜೊತೆ ಕೂಡಿಸಿ ಕಳೆದು ನೋಡಿದವರು ಕಡಿಮೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಲ್ಲರೂ ಭತ್ತದ ಚಿಂತೆ ಮಾಡಿದರು. ಭತ್ತ ಹೋದರೆ ಹುಲ್ಲೂ ಹೋಗುತ್ತದೆ, ನೀರೇ ಇಲ್ಲದ ತಾಲ್ಲೂಕಿನ ಎತ್ತುಗಳೂ ಆ ಗೇಟನ್ನು ನಂಬಿವೆ ಎಂಬ ಮಾತು ಯಾವ ಚರ್ಚೆಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಹುಲ್ಲನ್ನು ಸುಧಾರಿಸುವ ಉಪಾಯ ನಿಮಗೆ ಹೊಸದಲ್ಲ: ನೂರು ಕೆ.ಜಿ. ಒಣ ಹುಲ್ಲಿಗೆ ನಾಲ್ಕು ಕೆ.ಜಿ. ಯೂರಿಯಾ, ಐವತ್ತು ಲೀಟರ್ ಆಸುಪಾಸು ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿ ಆಡದಂತೆ ಹಾಳೆ ಮುಚ್ಚಿ ಮೂರು ವಾರ ಬಿಡುವುದು. ಯೂರಿಯಾ ಅಮೋನಿಯಾ ಆಗಿ, ಲಿಗ್ನಿನ್ ಮತ್ತು ನಾರಿನ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಹುಲ್ಲು ಮೆತ್ತಗಾಗಿ ಹಳದಿ-ಕಂದು ಬಣ್ಣಕ್ಕೆ ತಿರುಗುತ್ತದೆ, ದನ ಹೆಚ್ಚು ತಿನ್ನುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಬೇಡ. 1980–90ರ ದಶಕದಲ್ಲಿ ಭಾರತ ಮತ್ತು ನೆದರ್ಲ್ಯಾಂಡ್ಸ್ ಸೇರಿ ನಡೆಸಿದ ಬೆಳೆ ಉಳಿಕೆಗಳ ಯೋಜನೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇದರ ಮೇಲೆ ಬಹಳ ಕೆಲಸ ಮಾಡಿದರು. ವಿಜ್ಞಾನ ಸರಿ ಇತ್ತು, ಆದರೂ ಹಳ್ಳಿಗಳಲ್ಲಿ ನಿಲ್ಲಲಿಲ್ಲ. ಕಾರಣ ನನಗೆ ಸ್ಪಷ್ಟ ಕಾಣುತ್ತದೆ. ನೀರು ಹೊರುವವರು, ಹುಲ್ಲು ತುಳಿಯುವವರು ಮನೆಯ ಹೆಣ್ಣುಮಕ್ಕಳು. ತರಬೇತಿಗೆ ಬಂದು ಊಟ ಮಾಡಿ ಹೋದವರು ಗಂಡಸರು. ಇನ್ನೊಂದು, ಹುಲ್ಲು ಹೇರಳವಾಗಿದ್ದು ಹಸಿಮೇವು ಇಲ್ಲದ ಕಡೆ ಮಾತ್ರ ಇದು ಲಾಭ. ಗಂಗಾವತಿಯ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಹನುಮಸಾಗರದ ಕಡೆ ಹುಲ್ಲೇ ತುಟ್ಟಿ, ಕುಡಿಯುವ ನೀರಿಗೇ ಸರದಿ. ಅಲ್ಲಿ ಹೋಗಿ ಇದೇ ಭಾಷಣ ಮಾಡುವುದು ತಪ್ಪು. ಅಲ್ಲಿಗೆ ರಸಮೇವು ಮೇಲು. ಮೆಕ್ಕೆಜೋಳದ ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಇಡೀ ಗಿಡ ಕತ್ತರಿಸಿ, ಒತ್ತಿ ತುಂಬಿ ಗಾಳಿ ಕಟ್ಟಿದರೆ ಗಿಡದ ಸಕ್ಕರೆಯೇ ಹುಳಿಯಾಗಿ ಮೇವನ್ನು ಕಾಪಾಡುತ್ತದೆ. ಒಂದೂವರೆ ತಿಂಗಳಿಗೆ ಸಿದ್ಧ. ಮಳೆ ಕೈಕೊಟ್ಟು ಕಾಳು ಸರಿಯಾಗಿ ಕಟ್ಟದ ವರ್ಷವೂ ಗಿಡ ದಂಡವಾಗುವುದಿಲ್ಲ.

ಇನ್ನು ಪಿಷ್ಟದ ಅನಾಹುತ. ಮದುವೆಯ ಸುಗ್ಗಿಯಲ್ಲಿ ದನದ ಡಾಕ್ಟರನಿಗೆ ನಿದ್ದೆ ಇಲ್ಲ. ಯಲಬುರ್ಗಾ ಕಡೆಯ ಒಂದು ಊರಿಗೆ ನಡುರಾತ್ರಿ ಕರೆದುಕೊಂಡು ಹೋದರು. ಆಕಳು ಮಲಗಿದೆ, ಹಲ್ಲು ಕಡಿಯುತ್ತಿದೆ, ಕಣ್ಣು ಗುಳಿಬಿದ್ದಿದೆ. ಎಡಗಡೆಯ ಹಳ್ಳದಲ್ಲಿ ಮುಷ್ಟಿ ಊರಿದೆ. ನಾದಿದ ಹಿಟ್ಟಿನಂತೆ ಮುಷ್ಟಿಯ ಗುರುತು ಹಾಗೇ ಉಳಿಯಿತು.

"ನಿನ್ನಿ ಏನ್ ಹಾಕೀರವ್ವ?"

"ಏನಿಲ್ರೀ ಯಪ್ಪಾ. ಮದಿವಿ ಮನ್ಯಾಗ ಅನ್ನ, ಹೋಳಿಗಿ ಭಾಳ ಉಳದಿತ್ತು. ಚೆಲ್ಲೂದ್ಯಾಕ, ಮೂಕ ಪ್ರಾಣಿ ತಿನ್ಲಿ ಅಂತ ಹಾಕಿದ್ವಿ."

ಪ್ರೀತಿಯಿಂದ ಹಾಕಿದ್ದು. ಆದರೆ ಬೆಂದ ಅನ್ನ, ಮೈದಾ, ಬೆಲ್ಲ ಬುಟ್ಟಿಗಟ್ಟಲೆ ಒಮ್ಮೆಲೇ ಮೆಲುಕು ಚೀಲಕ್ಕೆ ಬಿದ್ದರೆ, ನಿಧಾನಕ್ಕೆ ನಾರು ಒಡೆಯುವ ಜೀವಿಗಳು ಹಿಂದೆ ಬೀಳುತ್ತವೆ. ಸಕ್ಕರೆ ಸಿಕ್ಕರೆ ನಿಮಿಷಗಳಲ್ಲಿ ಹೆಚ್ಚುವ ಬೇರೆ ಬ್ಯಾಕ್ಟೀರಿಯಾಗಳು ಮುಂದೆ ಬರುತ್ತವೆ. ಅವು ಮಾಡುವ ಲ್ಯಾಕ್ಟಿಕ್ ಆಮ್ಲ ಆ ಮೂರು ಆಮ್ಲಗಳಿಗಿಂತ ಬಹಳ ತೀಕ್ಷ್ಣ. ಆರರಿಂದ ಏಳರ ನಡುವೆ ಇರಬೇಕಾದ ಪಿಎಚ್ ಐದಕ್ಕೂ ಕೆಳಗೆ ಇಳಿಯುತ್ತದೆ. ಹುಳಿ ತಡೆಯದೆ ಒಳಗಿನ ಜೀವಿಗಳು ಸಾಯುತ್ತವೆ, ರಕ್ತದ ನೀರು ಹೊಟ್ಟೆಗೆ ಇಳಿಯುತ್ತದೆ, ಹೊಟ್ಟೆಯ ಗೋಡೆ ಸುಡುತ್ತದೆ. ಉಳಿದ ದನವೂ ಗೊರಸು ನೋವಿನಿಂದ ತಿಂಗಳುಗಟ್ಟಲೆ ಕುಂಟುತ್ತದೆ. ಆ ರಾತ್ರಿ ರಕ್ತನಾಳಕ್ಕೆ ಬೈಕಾರ್ಬೊನೇಟ್ ಕೊಟ್ಟು, ಮರುದಿನ ಬೇರೆ ಎತ್ತಿನ ಹೊಟ್ಟೆಯ ರಸ ತೆಗೆದು ಇದಕ್ಕೆ ಹಾಕಿ ಉಳಿಸಿಕೊಂಡೆವು. ಮೆಲುಕು ಬಿಟ್ಟ ದನದ ಬಾಯಿಗೆ ಗಟ್ಟಿಮುಟ್ಟಾದ ದನದ ಮೆಲುಕನ್ನು ಕಸಿದು ತುರುಕುವ ನಮ್ಮ ಹಳೆಯ ರೂಢಿ ಇದೆಯಲ್ಲ, ಅದು ಮೂಢನಂಬಿಕೆ ಅಲ್ಲ. ಇಂಥ ಹೊತ್ತಲ್ಲಿ ಗೊಟ್ಟದಲ್ಲಿ ಎಣ್ಣೆ ಕುಡಿಸುವುದು ಮಾತ್ರ ತಪ್ಪು. ಎಣ್ಣೆ ನೊರೆ ಉಬ್ಬರಕ್ಕೆ, ಹುಳಿಗೆ ಅಲ್ಲ. ಮಲಗಿದ ದನಕ್ಕೆ ಕುಡಿಸಿದ್ದು ಶ್ವಾಸಕೋಶಕ್ಕೂ ಹೋಗುತ್ತದೆ.

ಕಾಳುಗಳಲ್ಲೂ ವೇಗದ ವ್ಯತ್ಯಾಸ ಇದೆ. ಗೋಧಿಯ ಪಿಷ್ಟ ಬೇಗ ಹುಳಿಯುತ್ತದೆ, ಮೆಕ್ಕೆಜೋಳದ್ದು ನಿಧಾನ, ಬಿಳಿಜೋಳದ್ದು ಇನ್ನೂ ನಿಧಾನ. ಜೋಳದ ಪಿಷ್ಟದ ಕಣಗಳ ಸುತ್ತ ಗಟ್ಟಿ ಪ್ರೋಟೀನಿನ ಹೊದಿಕೆ ಇರುತ್ತದೆ. ಬೇಯಿಸಿದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ದನಕ್ಕೆ ಕಾಳನ್ನು ನುಚ್ಚು ಮಾಡಿ ಕೊಡಿ, ಗಂಜಿ ಮಾಡಿ ಕೊಡಬೇಡಿ. ಹೊಸ ತಿಂಡಿಯನ್ನು ಎರಡು ವಾರ ಹಿಡಿಸಿ ಸ್ವಲ್ಪ ಸ್ವಲ್ಪವೇ ಏರಿಸಿ.

ಕುರಿಯವರಿಗೆ ಇದೇ ಸಂಕಟ ಬೇರೆ ರೂಪದಲ್ಲಿ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಹಿಂಡುಗಳು ಕಟಾವಾದ ಹೊಲಗಳನ್ನು ಹುಡುಕಿಕೊಂಡು ಕಾಲುವೆ ಕಡೆ ಇಳಿಯುತ್ತವೆ. ಹಗಲು ಮೇವು, ರಾತ್ರಿ ಹೊಲದಲ್ಲಿ ಹಿಂಡು ನಿಲ್ಲಿಸಿ ಗೊಬ್ಬರ. ಎರಡೂ ಕಡೆಯವರಿಗೆ ಲಾಭದ ಹಳೆಯ ಕರಾರು ಅದು. ಯಂತ್ರ ಬಂದ ಮೇಲೆ ಹೊಲದಲ್ಲಿ ಉದುರುವ ಕಾಳು ಹೆಚ್ಚಾಗಿದೆ. ಮೆಕ್ಕೆಜೋಳದ ಹೊಲದಲ್ಲಿ ಬಿದ್ದ ತೆನೆಗಳನ್ನು ಕೆಂಗುರಿ ಟಗರು ಒಂದು ಮುಂಜಾನೆಯಲ್ಲಿ ಹುಡುಕಿ ಹುಡುಕಿ ತಿನ್ನುತ್ತದೆ. ಅರಗದ ಪಿಷ್ಟ ಸಣ್ಣ ಕರುಳಿಗೆ ಇಳಿದಾಗ ಅಲ್ಲಿ ಮೊದಲೇ ಇರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಕಾರುತ್ತದೆ. ಅದೇ ಕರುಳು ಬೇನೆ. ಹಿಂಡಿನಲ್ಲಿ ಚೆನ್ನಾಗಿ ಮೈಕೈ ತುಂಬಿಕೊಂಡ ಮರಿಯೇ ಮೊದಲು ಸಾಯುವುದನ್ನು ನೋಡಿ ದೃಷ್ಟಿ ತಾಗಿತು ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ತಿಂದದ್ದು ಅದೇ ಆಗಿರುತ್ತದೆ. ಮುಂಗಾರಿನ ಎಳೆ ಹುಲ್ಲಿನಲ್ಲೂ ಇದೇ ಅಪಾಯ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿ. ಕಾಳು ಬಿದ್ದ ಹೊಲಕ್ಕೆ ಬಿಡುವ ಮುನ್ನ ಬೇರೆ ಕಡೆ ಹೊಟ್ಟೆಗೆ ಒಣ ಮೇವು ಬೀಳಲಿ, ಮೊದಲ ದಿನಗಳಲ್ಲಿ ತಾಸೊಂದರ ಮೇಲೆ ಹಿಂಡನ್ನು ಹೊರಗೆ ಹೊಡೆಯಿರಿ.

ಕರುಗಳ ಲೆಕ್ಕ ಪೂರ್ತಿ ಬೇರೆ. ಹುಟ್ಟಿದ ಕರುವಿಗೆ ಮೆಲುಕು ಚೀಲ ಹೆಸರಿಗೆ ಮಾತ್ರ. ಕುಡಿದ ಹಾಲು ಅದನ್ನು ತಪ್ಪಿಸಿ ನೇರ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಕರುವಿನ ಕರುಳಲ್ಲಿ ಧಾರಾಳ. ಕಬ್ಬಿನ ಸಕ್ಕರೆ ಅರಗಿಸುವ ಕಿಣ್ವ ಇಲ್ಲವೇ ಇಲ್ಲ. ತಾಯಿಯ ಹಾಲು ಕರೆದುಕೊಂಡು ಕರುವಿಗೆ ಬೆಲ್ಲದ ನೀರು ಕುಡಿಸುವ ಮನೆಗಳಿವೆ. ಆ ಕರು ಉಚ್ಚಿಕೊಳ್ಳುವುದು ಹಲ್ಲು ಬರುವುದಕ್ಕಲ್ಲ, ಬೆಲ್ಲಕ್ಕೆ. ಇನ್ನು ಕರುವಿನ ಮೆಲುಕು ಚೀಲ ಬೆಳೆಯುವುದು ಹುಲ್ಲಿನಿಂದ ಎಂದೇ ನಾವೆಲ್ಲ ನಂಬಿದ್ದೆವು. ಚೀಲ ಹಿಗ್ಗುವುದು ಹುಲ್ಲಿನಿಂದ. ಅದರ ಒಳಗೋಡೆಯಲ್ಲಿ ಹುಳಿ ಹೀರುವ ಕುಚ್ಚುಗಳು ಎದ್ದು ಬರುವುದು ಬ್ಯುಟಿರಿಕ್ ಆಮ್ಲದಿಂದ, ಅಂದರೆ ಕಾಳಿನ ಪಿಷ್ಟದಿಂದ. ಹಾಗಾಗಿ ಎರಡನೆಯ ವಾರದಿಂದಲೇ ಕರುವಿನ ಮುಂದೆ ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಇರುವ ಕರು ಆಹಾರ ಇಡಿ. ದೊಡ್ಡ ದನಕ್ಕೆ ಕಡಿಮೆ ಮಾಡಿ ಎಂದದ್ದನ್ನೇ ಕರುವಿಗೆ ಹೇಳುತ್ತಿದ್ದೇನೆ, ಗಮನಿಸಿ.

ಕೋಳಿಯ ಮಾತು ಎರಡೇ. ಅದರ ಊಟ ಪಿಷ್ಟವೇ, ನಾರು ಅದಕ್ಕೆ ದಂಡ. ನಮ್ಮ ಮೆಕ್ಕೆಜೋಳಕ್ಕೆ ಕೋಳಿ ಆಹಾರದವರು, ಈಗ ಎಥನಾಲ್ ಕಾರ್ಖಾನೆಯವರು ಪೈಪೋಟಿ ನಡೆಸಿದ್ದಾರೆ. ಹೈನುಗಾರರು ಈ ಪೈಪೋಟಿಗೆ ಇಳಿಯುವ ಅಗತ್ಯ ಕಡಿಮೆ ಎಂಬುದೇ ಮೆಲುಕು ಚೀಲದ ಉಪಕಾರ. ಆ ಉಪಕಾರಕ್ಕೆ ಒಂದು ಸುಂಕವೂ ಇದೆ. ನಾರು ಒಡೆಯುವಾಗ ಹೊರಡುವ ಹೈಡ್ರೋಜನ್ ಮೀಥೇನ್ ಅನಿಲವಾಗಿ ಡೇಗಿನಲ್ಲಿ ಹೋಗುತ್ತದೆ, ಅದರ ಜೊತೆ ಮೇವಿನ ಶಕ್ತಿಯ ನೂರಕ್ಕೆ ಐದಾರು ಪಾಲು ಗಾಳಿಗೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯವರು ಇದನ್ನು ತಗ್ಗಿಸಲು ಟ್ಯಾನಿನ್ ಇರುವ ಗಿಡಗಳಿಂದ 'ಹರಿತ್ ಧಾರಾ' ಎಂಬ ಪುಡಿ ತಯಾರಿಸಿದ್ದಾರೆ. ಒಳ್ಳೆಯ ಕೆಲಸ. ಕೆಟ್ಟ ಹುಲ್ಲು ತಿಂದು ಎರಡು ಲೀಟರ್ ಕೊಡುವ ಆಕಳು ಲೀಟರಿಗೆ ಬಿಡುವ ಮೀಥೇನು, ಒಳ್ಳೆಯ ನಾರು ತಿಂದು ಎಂಟು ಲೀಟರ್ ಕೊಡುವುದಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಪಶು ಆಹಾರದ ಚೀಲದ ಮೇಲೆ 'ಕಚ್ಚಾ ನಾರು ಗರಿಷ್ಠ ಇಷ್ಟು' ಎಂದು ಅಚ್ಚಾಗಿರುತ್ತದೆ. 1860ರ ದಶಕದಲ್ಲಿ ಜರ್ಮನಿಯ ವೇಂಡೆ ಎಂಬಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ರೂಪಿಸಿದ ವಿಧಾನ ಅದು: ಆಮ್ಲದಲ್ಲಿ ಕುದಿಸಿ, ಕ್ಷಾರದಲ್ಲಿ ಕುದಿಸಿ ಉಳಿದದ್ದು ನಾರು. ಹಾಗೆ ಕುದಿಸಿದಾಗ ಲಿಗ್ನಿನ್ನಿನ ಒಂದು ಪಾಲೂ ಕರಗಿ 'ಅರಗುವ' ಪಟ್ಟಿಗೆ ಸೇರಿಬಿಡುತ್ತದೆ. ನೂರು ವರ್ಷದ ಮೇಲೆ, 1960ರ ದಶಕದಲ್ಲಿ, ಅಮೆರಿಕದ ಪೀಟರ್ ವಾನ್ ಸೂಸ್ಟ್ ಸಾಬೂನಿನ ಜಾತಿಯ ದ್ರಾವಣದಲ್ಲಿ ಮೇವು ಕುದಿಸಿ, ಜೀವಕೋಶದ ಒಳಗಿನದನ್ನು ತೊಳೆದು ಗೋಡೆಯನ್ನಷ್ಟೇ ಉಳಿಸುವ ವಿಧಾನ ತಂದರು. ಆ ಲೆಕ್ಕದಲ್ಲಿ ಭತ್ತದ ಹುಲ್ಲಿನಲ್ಲಿ ನೂರಕ್ಕೆ ಸುಮಾರು 70 ಪಾಲು ಗೋಡೆಯೇ. ದನದ ಪೋಷಣೆಯ ವಿಜ್ಞಾನಿಗಳು ಈ ಲೆಕ್ಕಕ್ಕೆ ಹೋಗಿ ದಶಕಗಳಾದವು. ನಮ್ಮ ಚೀಲದ ಮೇಲೆ ಇನ್ನೂ ವೇಂಡೆಯ ಲೆಕ್ಕವೇ ಇದೆ. ಪಿಷ್ಟ ಎಷ್ಟು ಎಂಬುದಂತೂ ಇಲ್ಲವೇ ಇಲ್ಲ. ಹಾಲನ್ನು ದಿನಕ್ಕೆ ಎರಡು ಸಲ ಪರೀಕ್ಷೆ ಮಾಡುವ ನಾವು ಬಣವೆಯನ್ನು ವರ್ಷಕ್ಕೆ ಒಮ್ಮೆಯೂ ಮಾಡುವುದಿಲ್ಲ. ತಾಲ್ಲೂಕಿಗೊಂದು ಮೇವು ಪರೀಕ್ಷೆಯ ವ್ಯವಸ್ಥೆ ಬೇಕು ಎಂದು ಕೇಳುವುದರಲ್ಲಿ ದುರಾಸೆ ಏನಿಲ್ಲ. ಅಲ್ಲಿಯವರೆಗೆ ಸಗಣಿ ನೋಡಿ. ಒಂದು ಹಿಡಿ ಸಗಣಿಯನ್ನು ಜರಡಿಯಲ್ಲಿ ತೊಳೆಯಿರಿ. ಇಡಿ ಕಾಳು ಸಿಕ್ಕರೆ ನುಚ್ಚು ಮಾಡಿಸುವುದು ಸಾಲದು ಎಂದರ್ಥ. ಉದ್ದುದ್ದ ನಾರು ಹಾಗೇ ಬಂದಿದ್ದರೆ ಒಳಗಿನ ಜೀವಿಗಳು ಹಸಿದಿವೆ. ನೊರೆಯಾಗಿ, ಹುಳಿ ವಾಸನೆ ಬಂದರೆ ಪಿಷ್ಟ ಹೆಚ್ಚಾಗಿದೆ. ಮಲಗಿರುವ ಹತ್ತು ದನಗಳಲ್ಲಿ ಐದಾದರೂ ಮೆಲುಕು ಹಾಕುತ್ತಿರಬೇಕು.

ಮಾತಿನ ನಡುವೆ ಒಂದು ಚೀಟಿ ಬಂದಿದೆ: ಬಳ್ಳಾರಿ ಜಾಲಿಯ ಕಾಯಿ ಆಡು-ಕುರಿಗೆ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದ್ದಾರೆ. ಆ ಕಾಯಿ ಸಿಹಿ, ಕಬ್ಬಿನ ಸಕ್ಕರೆಯೇ ಅದರಲ್ಲಿ ತುಂಬಿದೆ. ಬೇಸಿಗೆಯಲ್ಲಿ ದುಡ್ಡಿಲ್ಲದೆ ಸಿಗುವ ಶಕ್ತಿ. ಹಣ್ಣಾಗಿ ಉದುರಿದ್ದನ್ನು ಒಣಗಿಸಿ, ಕುಟ್ಟಿ ನುಚ್ಚು ಮಾಡಿ, ತಿಂಡಿಯಲ್ಲಿ ನಾಲ್ಕನೆಯ ಒಂದು ಪಾಲಿನ ಒಳಗೆ ಕೊಡಿ. ಕುಟ್ಟುವುದರಿಂದ ಇನ್ನೊಂದು ಲಾಭ ಇದೆ: ಇಡಿ ಬೀಜ ಹಿಕ್ಕೆಯಲ್ಲಿ ಹೊರಬಿದ್ದು ಮತ್ತೆ ನಿಮ್ಮ ಹೊಲದಲ್ಲೇ ಮುಳ್ಳು ಏಳುವುದು ತಪ್ಪುತ್ತದೆ. ತಿಂಗಳುಗಟ್ಟಲೆ ಅದೊಂದನ್ನೇ ತಿಂದ ದನಗಳಿಗೆ ದವಡೆಯ ನರ ಸೋತು, ಮೆಲುಕು ಹಾಕಲಾಗದೆ ಮುಖ ಸೊಟ್ಟಗಾದದ್ದು ಬ್ರೆಜಿಲ್‌ನಲ್ಲಿ ದಾಖಲಾಗಿದೆ. ಆದ್ದರಿಂದ ಜಾಲಿ ಕಾಯಿಯ ಜೊತೆ ಕಣಕಿಯೋ ಕಡಲೆ ಹೊಟ್ಟೋ ಇರಲೇಬೇಕು. ಬೇರೆ ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಕುಷ್ಟಗಿಯ ಕಡೆ ಬಸ್ಸಿಗೆ ಹೋಗುವವರು ಮೊದಲು ಕೇಳಲಿ.